ಸಾ ಎನ್ನುವ ಬಾವಲಿ, ಗ ಎನ್ನುವ ಬಾವಲಿ

ಯುರೋಪಿನ ನಸುಕು ಧಾರವಾಡಕ್ಕೆ ಬರುವುದು ಬೆಳಿಗ್ಗೆ ಒಂಬತ್ತರ ಸುಮಾರಿಗೆ, ತಿಂಡಿ ಮುಗಿದ ಮೇಲೆ. ಅಲ್ಲಿನ ಬಾವಲಿಗಳು ಬೇಟೆ ಮುಗಿಸಿ ಗೂಡಿನ ಬಾಯಿಯ ಹತ್ತಿರ ಸುತ್ತುತ್ತ ಗಲಾಟೆ ಮಾಡುವ ಹೊತ್ತಿಗೆ ಸರಿಯಾಗಿ ನಮ್ಮ ಆಫೀಸಿನ ಬಾಗಿಲು ತೆರೆಯುತ್ತದೆ. ಬೋರ್ಡಿನ ಮೇಲೆ ಅದಕ್ಕೊಂದು ದೊಡ್ಡ ಹೆಸರಿದೆ. ಆಟೋದವರಿಗೆ ಆ ಹೆಸರು ಹೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ, ಬಾವಲಿ ಆಫೀಸು ಎಂದರೆ ತಕ್ಷಣ ಹೊರಡುತ್ತಾರೆ.

ಬಾವಲಿಯ ಕೂಗು ಮನುಷ್ಯನ ಕಿವಿಗೆ ಬೀಳುವುದಿಲ್ಲ, ಅದರ ಸ್ವರ ಅಷ್ಟು ಮೇಲಿನದು. ಆದರೆ ಆ ಕೂಗನ್ನು ಹಿಡಿದು ನೂರು ಪಟ್ಟು ಉದ್ದಕ್ಕೆ ಎಳೆದರೆ? ಆಗ ಅದು ಇಳಿದು ಇಳಿದು ನಾವು ಹಾಡುವ ಸ್ವರಕ್ಕೇ ಬಂದು ಕೂರುತ್ತದೆ. ನಮ್ಮ ಆಫೀಸು ನಿಂತಿರುವುದು ಇದೊಂದೇ ವಿಚಾರದ ಮೇಲೆ. ಯುರೋಪಿನಲ್ಲಿ ಇಳಿಬಿಟ್ಟ ಮೈಕುಗಳ ಸದ್ದು ಇಲ್ಲಿಗೆ ಬರುತ್ತದೆ, ಕೂಗಿದ್ದು ಯಾವ ಜಾತಿಯ ಬಾವಲಿ ಎಂದು ಕೇಳಿ ಹೇಳುವುದು ನಮ್ಮ ಕೆಲಸ. ಹಾಗೆ ಎಳೆಯುವ ಯಂತ್ರಕ್ಕೆ ನಿಧಾನಿ ಎಂದು ಹೆಸರು. ಹತ್ತು ಕೂಗು ಬಂದರೆ ಅದು ಒಂದನ್ನು ಹಿಡಿದು ಎಳೆಯುತ್ತದೆ, ಉಳಿದವನ್ನು ಬಿಟ್ಟುಬಿಡುತ್ತದೆ. ಎಲ್ಲವನ್ನೂ ಎಳೆಯುತ್ತ ಕೂತರೆ ಒಂದು ಗಂಟೆಯ ಗಲಾಟೆ ಕೇಳಿ ಮುಗಿಸಲು ದಿನಗಟ್ಟಲೆ ಬೇಕಾಗುತ್ತದೆ. ಈ ನಿಧಾನಿಯನ್ನು ನೋಡಿಕೊಳ್ಳುವವನು ನಾನು. ಹೆಸರು ಮುರಿಗೆಪ್ಪ. ಮುತ್ತಜ್ಜನ ಹೆಸರು ಅದು. ಇಂಥ ಯಂತ್ರದ ಪಕ್ಕದಲ್ಲಿ ಇಂಥ ಹೆಸರಿನವನು ಕೂತರೆ ನಗು ಬರುತ್ತದೆ ಎಂದು ಮಗಳು ಹೇಳುತ್ತಾಳೆ.

ಕೇಳುವವರು ಬೇರೆ. ಅವರೆಲ್ಲ ಧಾರವಾಡದ ಹಾಡುಗಾರ್ತಿಯರು. ಇದಕ್ಕೆ ಕಾರಣ ಪಿಪಿಸ್ಟ್ರೆಲ್ ಎಂಬ, ಬೆಂಕಿಪೊಟ್ಟಣದಲ್ಲಿ ಮಡಿಚಿ ಇಡಬಹುದಾದಷ್ಟು ಪುಟ್ಟ ಬಾವಲಿ. ಅದನ್ನು ಯುರೋಪಿನ ಪಂಡಿತರು ಇನ್ನೂರು ವರ್ಷ ಒಂದೇ ಜಾತಿ ಎಂದುಕೊಂಡಿದ್ದರು. ಕಳೆದ ಶತಮಾನ ಮುಗಿಯುವ ಹೊತ್ತಿಗೆ, ಅದು ಒಂದಲ್ಲ, ಎರಡು ಎಂದು ಗೊತ್ತಾಯಿತು. ಒಂದು ಸೆಕೆಂಡಿಗೆ ನಲವತ್ತೈದು ಸಾವಿರ ಕಂಪನದ ಸ್ವರದಲ್ಲಿ ಕೂಗುತ್ತದೆ, ಇನ್ನೊಂದು ಐವತ್ತೈದು ಸಾವಿರದಲ್ಲಿ. ಮೊದಲನೆಯದರ ಮುಖ ತುಸು ಕಪ್ಪು, ಎರಡನೆಯದರದ್ದು ತುಸು ಗುಲಾಬಿ. ಮೊದಲನೆಯದು ಎಲ್ಲಾದರೂ ಹೊಂದಿಕೊಂಡು ಹೋಗುತ್ತದೆ, ಎರಡನೆಯದಕ್ಕೆ ಹೆಚ್ಚಾಗಿ ನೀರಿನ ದಂಡೆಯೇ ಬೇಕು. ಹಾರುವಾಗ ನೋಡಿದರೆ ಹೆತ್ತವರಿಗೂ ವ್ಯತ್ಯಾಸ ತಿಳಿಯಲಿಕ್ಕಿಲ್ಲ. ಆದರೆ ಒಂದರ ಮಂದಿಯನ್ನು ಇನ್ನೊಂದು ತನ್ನವರೆಂದು ಎಣಿಸುವುದಿಲ್ಲ, ಒಂದರ ಕರೆಗೆ ಇನ್ನೊಂದು ತಿರುಗಿಯೂ ನೋಡುವುದಿಲ್ಲ.

ನಿಧಾನಿಯಲ್ಲಿ ಎಳೆದಾಗ ನಲವತ್ತೈದರದ್ದು ಷಡ್ಜವಾಗಿ, ಅಂದರೆ ಸಾ ಆಗಿ, ನಿಲ್ಲುತ್ತದೆ. ಐವತ್ತೈದರದ್ದು ಹೆಚ್ಚುಕಡಿಮೆ ಗಾಂಧಾರ, ಅಂದರೆ ಗ. ಕೋಮಲವೂ ಅಲ್ಲ ಶುದ್ಧವೂ ಅಲ್ಲ, ಎರಡರ ನಡುವೆ. ಈಚಿನ ಬೇಸಿಗೆಗಳು ಕೆಟ್ಟ ಮೇಲೆ ಬಾವಲಿಗಳು ಇಕ್ಕಟ್ಟಾದ ಜಾಗಗಳಲ್ಲಿ ಒತ್ತೊತ್ತಾಗಿ ಸೇರತೊಡಗಿದವು. ಗುಂಪಿನಲ್ಲಿ ಅವು ಸ್ವರವನ್ನು ಅಷ್ಟಿಷ್ಟು ಏರಿಸುತ್ತವೆ. ಯಂತ್ರಗಳು ಗೊಂದಲಕ್ಕೆ ಬಿದ್ದು "ತೀರ್ಮಾನ ಸಾಧ್ಯವಿಲ್ಲ" ಎನ್ನತೊಡಗಿದವು. ಆಗ ಯಾರಿಗೋ ಹಾಡುವವರ ಕಿವಿಗೆ ಕೊಟ್ಟು ನೋಡೋಣ ಎಂದು ತೋಚಿತು. ಹಾಗಾಗಿ ನಮ್ಮಲ್ಲಿ ಹೆಡ್‌ಫೋನ್ ಹಾಕಿ, ಎಡಗಿವಿಯಲ್ಲಿ ತಂಬೂರಿ, ಬಲಗಿವಿಯಲ್ಲಿ ಬಾವಲಿ ಇಟ್ಟುಕೊಂಡು ಹನ್ನೆರಡು ಹೆಂಗಸರು ಕೂರುತ್ತಾರೆ. ತಂಬೂರಿ ಇಲ್ಲದೆ ಯಾರೂ ಕೇಳಬಾರದು ಎಂಬುದು ಮೊದಲ ದಿನದಿಂದ ಬಂದ ನಿಯಮ. ಶ್ರುತಿ ಇಲ್ಲದೆ ಸ್ವರ ಗುರುತಿಸುವುದೆಂದರೆ ಈ ಊರಿನಲ್ಲಿ ಯಾರಿಗೂ ಒಪ್ಪಿಗೆಯಾಗದ ಮಾತು.

ಅವರಲ್ಲಿ ಎಲ್ಲರಿಗಿಂತ ಗಟ್ಟಿ ಕಿವಿ ನೀಲಾಂಬಿಕೆಯದು. ಅವಳು ನನ್ನ ಹೆಂಡತಿ, ಅದಕ್ಕೇ ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಮನೆಯಲ್ಲಿ ನಾನು ಹಾಗೆ ಹೊಗಳಿದವನೇ ಅಲ್ಲ. ನಾಲ್ಕು ವರ್ಷದ ಹಿಂದೆ ಅವಳ ಗಂಟಲಿಗೆ ಶಸ್ತ್ರಚಿಕಿತ್ಸೆ ಆಯಿತು. ಜೀವ ಉಳಿಯಿತು, ಹಾಡು ಹೋಯಿತು. ಈಗ ಅವಳ ಮಾತು ಪಿಸುಮಾತಿಗಿಂತ ತುಸು ಮೇಲೆ. ಮಂದ್ರದಿಂದ ತಾರದವರೆಗೆ ಸಲೀಸಾಗಿ ಓಡಾಡುತ್ತಿದ್ದವಳು ಈಗ ಪಕ್ಕದ ಕೋಣೆಯವರನ್ನು ಕರೆಯಲಾರಳು. ಆಗ ಅವಳು ಅತ್ತಿದ್ದನ್ನು ನಾನು ನೋಡಿದ್ದು ಒಂದೇ ಸಲ. ಅವತ್ತು ಅವಳು ಕಿವಿಯ ಮೇಲೆ ಎರಡೂ ಕೈ ಇಟ್ಟುಕೊಂಡು, "ಇದೊಂದು ಉಳದೈತಿ ನೋಡ್ರಿ, ಇದೂ ಹ್ವಾದ್ರ ನಾ ಏನೂ ಅಲ್ಲ" ಎಂದಿದ್ದಳು. ಮರುವಾರ ನಾನೇ ಅವಳನ್ನು ಬಾವಲಿ ಆಫೀಸಿಗೆ ಕರೆತಂದೆ.

ಜೂನ್ ತಿಂಗಳಲ್ಲಿ ವೇಲ್ಸ್ ದೇಶದಿಂದ ಒಂದು ಗಿರಣಿ ಬಂತು. ಗಿರಣಿ ಎಂದರೆ ಅದರ ಸದ್ದು. ಪಾಂಟ್‌ವೆರ್ನ್ ಎಂಬ ನದೀಮುಖದ ಊರು. ಸಮುದ್ರ ಏರಿ ಏರಿ, ಹುಣ್ಣಿಮೆಯ ಉಬ್ಬರ ಬಂದಾಗಲೆಲ್ಲ ಊರಿನ ಕೆಳಬೀದಿಗೆ ನೀರು ನುಗ್ಗುತ್ತಿತ್ತು. ಅದಕ್ಕೆ ಊರ ಮೇಲ್ಗಡೆ ಒಂದು ದೊಡ್ಡ ಬಾಗಿಲು ಕಟ್ಟಿದ್ದರು. ಉಬ್ಬರದ ನೀರನ್ನು ಆ ಬಾಗಿಲಿನಿಂದ ಹಳೆಯ ಹೊಲಗಳಿಗೆ ಹರಿಸಿದರೆ ಊರು ಉಳಿಯುತ್ತದೆ. ಹೊಲದ ನಡುವೆ ಪಾಳುಬಿದ್ದ ಕಲ್ಲಿನ ಗಿರಣಿ ಇತ್ತು. ಗಿರಣಿಯ ಗೋಡೆಯ ಬಿರುಕುಗಳಲ್ಲಿ ಆರುನೂರು ತಾಯಿ ಬಾವಲಿಗಳು ಆಗತಾನೆ ಮರಿ ಹಾಕಿಕೊಂಡಿದ್ದವು. ಮುಂದಿನ ಹುಣ್ಣಿಮೆಗೆ ನೀರು ಬಿಡಲೇಬೇಕು. ಅಷ್ಟರೊಳಗೆ ಬಾವಲಿಗಳು ಮರಿ ಕಟ್ಟಿಕೊಂಡು ಹೊರಗೆ ಹೋಗಬೇಕು, ಇಲ್ಲವಾದರೆ ಅವು ಮುಳುಗುತ್ತವೆ.

ಅಲ್ಲಿ ಬಾವಲಿಗಳ ಜವಾಬ್ದಾರಿ ಹೊತ್ತವಳು ನೆಸ್ಟಾ ಎಂಬ ಮಧ್ಯವಯಸ್ಸಿನ ಹೆಂಗಸು. ಎತ್ತರದ ದಿಬ್ಬದ ಮೇಲೆ ಅವಳು ಮರದ ಕರೆಮನೆಯೊಂದನ್ನು ಕಟ್ಟಿಸಿದ್ದಳು. ಒಳಗೆ ಬೆಚ್ಚಗೆ, ಹೊರಗೆ ಒಂದು ಸ್ಪೀಕರು. ಬಾವಲಿಗಳು ತಮ್ಮವರನ್ನು ಕರೆಯುವಾಗ ಹಾಕುವ ವಿಶೇಷ ಕೂಗೊಂದಿದೆ. ಸಾ ಜಾತಿಯವು ಸಾಮಾನ್ಯವಾಗಿ ನಾಲ್ಕು ತುಂಡಾಗಿ ಕೂಗುತ್ತವೆ, ಗ ಜಾತಿಯವು ಮೂರು ತುಂಡಾಗಿ. ಸರಿಯಾದ ಕೂಗನ್ನು ನಸುಕಿನಲ್ಲಿ ಹಾಕಿದರೆ ಅವು ಬರುತ್ತವೆ. ಮರಿ ಹಾಕಿದ ಬಾವಲಿಯನ್ನು ಹಿಡಿದು ನೋಡುವ ಹಾಗಿಲ್ಲ, ಮುಟ್ಟಿದರೆ ಮರಿ ಬಿಟ್ಟು ಹೋಗಿಬಿಡಬಹುದು. ಗಿರಣಿಯ ಚಾವಣಿ ಕುಸಿಯುವ ಹಾಗಿದ್ದುದರಿಂದ ಒಳಗೆ ಕಾಲಿಡುವ ಹಾಗೂ ಇಲ್ಲ. ಮೊದಲೇ ಇಳಿಬಿಟ್ಟಿದ್ದ ಮೈಕು ಒಂದೇ ದಾರಿ.

ನೆಸ್ಟಾಳ ಮಾತು ನಮಗೆ ಅನುವಾದಕ ಯಂತ್ರದ ಮೂಲಕ ಬರುತ್ತಿತ್ತು. ಆ ಯಂತ್ರಕ್ಕೆ ಕನ್ನಡ ಕಲಿಸಿದವರು ಯಾರೋ, ಅದು ಶಾಲೆಯ ತಪಾಸಣೆಗೆ ಬಂದ ಸಾಹೇಬರಂತೆ ಮಾತಾಡುತ್ತಿತ್ತು.

"ಮಾನ್ಯರೇ, ನಮ್ಮ ಸಂಶಯವನ್ನು ದಯಮಾಡಿ ಪರಿಹರಿಸಿರಿ. ಇವು ನಲವತ್ತೈದೋ, ಐವತ್ತೈದೋ?"

ನನ್ನ ಯಂತ್ರ ಲೆಕ್ಕ ಹಾಕಿ "ಐವತ್ತು, ತೀರ್ಮಾನ ಸಾಧ್ಯವಿಲ್ಲ" ಎಂದಿತು. ಐವತ್ತೆಂದರೆ ಎರಡರ ನಡುವಿನ ರಿ, ರಿಷಭ. ನೀಲಾಂಬಿಕೆ ತಂಬೂರಿ ಹಚ್ಚಿಕೊಂಡು ಕಣ್ಣು ಮುಚ್ಚಿ ಕೂತಳು. ಬಹಳ ಹೊತ್ತು ಕೇಳಿದಳು. ಕೊನೆಗೆ ಅವಳ ಮುಖದಲ್ಲಿ, ಹಿಂದೆ ಹಾಡುವಾಗ ಬರುತ್ತಿದ್ದ ಸಮಾಧಾನ ಬಂತು.

"ಸಾ ಐತ್ರಿ. ಮಂದಿಯೊಳಗ ಮ್ಯಾಲೆ ಏರತಾವ, ಗಾಂಧಾರದ ತನಕ ಹೋಗತಾವ, ಆದ್ರ ಮೀಂಡಿನಾಗ ಜಾರಿಕೋತ ಇಳದು ಬಂದು ಸಾಕ್ಕ ನಿಲ್ಲತಾವ. ಭಾಳ ಚೆಂದ ಇಳೀತಾವ."

ಅವಳ ತೀರ್ಪು ನೆಸ್ಟಾಳಿಗೆ ಹೋಯಿತು. ನಾಲ್ಕು ತುಂಡಿನ ಕೂಗನ್ನು ಕರೆಮನೆಯಲ್ಲಿ ಹಾಕಿದರು.

ಮಾರನೆಯ ನಸುಕಿನಲ್ಲಿ ಮೂವತ್ತೊಂದು ತಾಯಂದಿರು ಬಂದವು, ಎದೆಗೆ ಮರಿ ಅಂಟಿಸಿಕೊಂಡು. ನಮ್ಮ ಆಫೀಸಿನಲ್ಲಿ ಚಪ್ಪಾಳೆಯೋ ಚಪ್ಪಾಳೆ. ಅದರ ಮಾರನೆಯ ದಿನವೂ ಕರೆಮನೆಯಲ್ಲಿ ಮೂವತ್ತೊಂದೇ. ಮೂರನೆಯ ದಿನವೂ ಅಷ್ಟೇ. ಉಳಿದವು ಕರೆಮನೆಯ ಮುಂದೆಯೇ ಹಾರಿ ಹೋಗುತ್ತಿದ್ದವು, ತಮಗೆ ಸಂಬಂಧವೇ ಇಲ್ಲವೆಂಬಂತೆ. ನೆಸ್ಟಾ ಸ್ಪೀಕರು ದೊಡ್ಡದು ಮಾಡಿದಳು, ಜಾಗ ಬದಲಿಸಿದಳು. ಯಾವುದಕ್ಕೂ ಅವು ಜಗ್ಗಲಿಲ್ಲ. ಹುಣ್ಣಿಮೆ ಹತ್ತಿರ ಬರುತ್ತಿತ್ತು.

"ಅವಕ್ಕ ಹೊಸಾ ಮನಿ ಹಿಡಸ್ಲಿಲ್ಲೇನು" ಎಂದಳು ನೀಲಾಂಬಿಕೆ.

"ನಿನ್ನ ಕಿವಿ ತಪ್ಪಿರಬಹುದಲ್ಲ?" ಎಂದು ನಾನು ಕೇಳಿಬಿಟ್ಟೆ.

ಅವಳು ನನ್ನ ಕಡೆ ನೋಡಲಿಲ್ಲ. "ನಿಮ್ಮ ಯಂತ್ರ ರಿ ಅಂತು. ರಿ ಅನ್ನೂ ತೊಗಲಬಾವಲಿ ಜಗತ್ತಿನಾಗ ಎಲ್ಲಿ ಐತಿ?" ಎಂದಳು. ಸಂಜೆ ಮನೆಗೆ ಹೋಗುವಾಗ ಅವಳು ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ನಮ್ಮ ಮನೆಯಲ್ಲಿ ಊಟಕ್ಕೆ ಕರೆಯುವ ಪದ್ಧತಿ ಬೇರೆ. ಅವಳಿಗೆ ಕೂಗಲು ಆಗುವುದಿಲ್ಲವಲ್ಲ, ಹಾಗಾಗಿ ತಾಟಿನ ಮೇಲೆ ಸೌಟು ಬಡಿಯುತ್ತಾಳೆ. ತಾಟಿನ ಸದ್ದು ಕೇಳಿದ್ದೇ ತಡ ನಾನು ಹಾಜರು. ಹದಿನಾರು ವರ್ಷದ ಮಗಳು ಇಂಚರಾ ಮಾತ್ರ ಪಕ್ಕದ ಕೋಣೆಯಲ್ಲಿದ್ದರೂ ಅಲುಗುವುದಿಲ್ಲ. ಆ ದಿನವೂ ಹಾಗೇ ಆಯಿತು. ಸೌಟು ಬಡಿದಳು, ನಾನು ಬಂದು ಕೂತೆ. ಮತ್ತೆ ಬಡಿದಳು. ಇಂಚರಾ ಬರಲಿಲ್ಲ. ಜೋರಾಗಿ ಬಡಿದಳು. ನಾನು ಎರಡನೆಯ ರೊಟ್ಟಿಗೆ ಕೈ ಹಾಕಿದೆ.

"ನೀವು ಬಂದೀರಲ್ಲ, ಮತ್ತ ಯಾಕ ಅತ್ಲಾಗ ಇತ್ಲಾಗ ನೋಡ್ತೀರಿ?" ಎಂದು ಅವಳು ಬೇಸರದಿಂದ ಹೇಳಿ, ಮೊಬೈಲು ತೆಗೆದು ಮಗಳಿಗೆ ಒಂದು ಸಂದೇಶ ಕಳಿಸಿದಳು. ತಕ್ಷಣ ಬಾಗಿಲು ತೆರೆಯಿತು.

"ಕರದಿದ್ದೇನ್ ಅವ್ವಾ?" ಎಂದಳು ಇಂಚರಾ.

"ಆಗಿನಿಂದ ತಾಟು ಬಡೀಲಿಕ್ಕತ್ತೇನಿ!"

"ಅದು ಅಪ್ಪಗ ಅಲ್ಲೇನು?"

ನೀಲಾಂಬಿಕೆ ಸೌಟು ಹಿಡಿದುಕೊಂಡೇ ನಿಂತಳು. ಎಣಗಾಯಿಯ ಪಾತ್ರೆ ಒಲೆಯ ಮೇಲೆ ಸೀಯತೊಡಗಿತು, ಅವಳಿಗೆ ಗೊತ್ತಾಗಲಿಲ್ಲ. ನಾನು ಎದ್ದು ಉರಿ ಆರಿಸಿದೆ.

"ರೀ, ಮನಿ ಹಿಡಸ್ಲಿಲ್ಲ ಅಂದ್ರ ಒಂದಿನ ಹತ್ತು ಬರಬೇಕು, ಒಂದಿನ ನಲವತ್ತು ಬರಬೇಕು, ಬಂದದ್ದು ತಿರುಗಿ ಹೋಗಬೇಕು. ಹೌದಿಲ್ಲೋ? ನನ್ನ ಕಿವಿ ಪೂರಾ ತಪ್ಪಿದ್ರ ಒಂದೂ ಬರಬಾರದು. ಮೂವತ್ತೊಂದು ಒಂದ ಸಲಕ್ಕ ಬಂದ್ವು, ಆಮ್ಯಾಲೆ ಒಂದೂ ಬರ್ಲಿಲ್ಲ. ಅದು ಎಂಥಾ ಲೆಕ್ಕ?"

"ನೀನs ಹೇಳು."

"ಕರದವರು ಬಂದಾರ. ಉಳದವರನ್ನ ನಾವು ಕರದs ಇಲ್ಲ."

ಇಂಚರಾ ನಮ್ಮಿಬ್ಬರ ಮುಖ ನೋಡಿ, ಇವರದು ಯಾವತ್ತೂ ಇದ್ದದ್ದೇ ಎಂಬಂತೆ ರೊಟ್ಟಿ ಮುರಿಯತೊಡಗಿದಳು.

ಮರುದಿನ ಆಫೀಸು ತೆರೆಯುವ ಮೊದಲೇ ಹೋಗಿ ಮೊದಲ ದಿನದ ಸದ್ದನ್ನು ಮತ್ತೆ ಹಾಕಿದೆವು. ನೀಲಾಂಬಿಕೆ ಕೇಳಿದಳು. ಅದೇ ಮೀಂಡು, ಅದೇ ಇಳಿತ. ಮತ್ತೆ ಕೇಳಿದಳು. ಬೇರೇನೂ ಕೇಳಿಸದೆ ಅವಳ ಹುಬ್ಬು ಗಂಟಾಯಿತು. ನಾನು ಅವಳ ಪಕ್ಕದಲ್ಲಿ ಕೂತು, ನಿಧಾನಿ ಹಿಡಿದ ಕೂಗುಗಳನ್ನು ಒಂದೊಂದಾಗಿ ಪರದೆಯ ಮೇಲೆ ಚುಕ್ಕೆ ಮಾಡಿ ಹಾಕುತ್ತಿದ್ದೆ. ಸರಾಸರಿ ಬಿಟ್ಟು ಬಿಡಿ ಚುಕ್ಕೆ ನೋಡಿದ್ದು ಅವತ್ತೇ ಮೊದಲು. ಕೆಳಗೊಂದು ಸಾಲು, ಮೇಲೊಂದು ಸಾಲು. ನಡುವೆ, ಐವತ್ತರ ಹತ್ತಿರ, ಖಾಲಿ.

"ನೀಲಾ, ತಂಬೂರಿ ತಗದು ಕೇಳು" ಎಂದೆ.

ಅವಳು ಬೆಚ್ಚಿದಳು. ತಂಬೂರಿ ಇಲ್ಲದೆ ಅವಳು ಯಾವತ್ತೂ ಕೇಳಿದವಳಲ್ಲ, ಆರು ವರ್ಷದವಳಿದ್ದಾಗಿನಿಂದ. ಕೈ ಅಷ್ಟು ದೂರ ಹೋಗಿ ಹಿಂದೆ ಬಂತು. ಆಮೇಲೆ ಗುಂಡಿ ತಿರುವಿ ಅದನ್ನು ನಿಲ್ಲಿಸಿದಳು.

ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಮೊದಲು ಗಾಬರಿ, ಆಮೇಲೆ ಅನುಮಾನ, ಆಮೇಲೆ ಕಣ್ಣು ಅಗಲವಾದವು.

"ಇಬ್ರು ಅದಾರ" ಎಂದಳು. "ಇಬ್ರು ಹಾಡಾಕತ್ತಾರ. ನಾ ಒಬ್ರು ಅನ್ಕೊಂಡಿದ್ದೆ."

ಆದದ್ದು ಇಷ್ಟು. ಪಿಪಿಸ್ಟ್ರೆಲ್‌ನ ಕೂಗು ಮೇಲಿನಿಂದ ಸರ್ರನೆ ಜಾರಿ ಬಂದು ಕೊನೆಯಲ್ಲಿ ಒಂದು ಸ್ವರದ ಮೇಲೆ ನಿಲ್ಲುತ್ತದೆ. ನಿಧಾನಿ ಹತ್ತರಲ್ಲಿ ಒಂದು ಕೂಗನ್ನು ಹಿಡಿದು, ಒಂದರ ಹಿಂದೆ ಒಂದು ಜೋಡಿಸುತ್ತ ಹೋಗುತ್ತದೆ. ಒಂದು ಕೂಗು ಗಾಂಧಾರದಲ್ಲಿ ನಿಂತಿತು, ಮುಂದಿನದು ಜಾರಿ ಷಡ್ಜದಲ್ಲಿ ನಿಂತಿತು. ಅವು ಬೇರೆ ಬೇರೆ ಬಾವಲಿಗಳ ಕೂಗು. ಆದರೆ ಎಡಗಿವಿಯಲ್ಲಿ ತಂಬೂರಿ ಸಾ ಎನ್ನುತ್ತಿರುವಾಗ, ಹಾಡಿ ಬೆಳೆದವರ ಕಿವಿ ಏನು ಮಾಡುತ್ತದೆ? ಗಾಂಧಾರ ಕೇಳಿದರೆ ಅದು ಷಡ್ಜಕ್ಕೆ ಮರಳುವುದನ್ನು ಕಾಯುತ್ತದೆ, ಮರಳಿದಾಗ ಎರಡನ್ನೂ ಹೊಲಿದು ಒಬ್ಬರದೇ ಗಾಯನ ಮಾಡಿಕೊಳ್ಳುತ್ತದೆ. ಸಂಗೀತ ಬಾರದ ನನ್ನಂಥವನು ಕೇಳಿದ್ದರೆ ಇಬ್ಬರು ಜಗಳವಾಡುತ್ತಿದ್ದಾರೆ ಎನ್ನುತ್ತಿದ್ದೆನೋ ಏನೋ. ಇನ್ನು ನನ್ನ ಯಂತ್ರದ ಬುದ್ಧಿಯಂತೂ ಕೇಳುವುದೇ ಬೇಡ. ನಲವತ್ತೈದನ್ನೂ ಐವತ್ತೈದನ್ನೂ ಕೂಡಿಸಿ ಭಾಗಿಸಿ, ಇಲ್ಲದ ರಿಷಭದ ಬಾವಲಿಯನ್ನು ಅದು ಹುಟ್ಟಿಸಿತ್ತು.

ಮೈಕಿನ ಹತ್ತಿರದ ಬಿರುಕಿನಲ್ಲಿ ಸಾ ಜಾತಿಯವು ಮೂವತ್ತೊಂದೇ ಇದ್ದವು, ಹತ್ತಿರವಿದ್ದುದರಿಂದ ಅವುಗಳ ಸದ್ದು ದೊಡ್ಡದಾಗಿ ಬಂದಿತ್ತು. ಮೇಲಿನ ಗೋಡೆಯ ತುಂಬ ಇದ್ದವೆಲ್ಲ ಗ. ನದಿಯ ದಂಡೆ, ಆರುನೂರರ ದೊಡ್ಡ ಗುಂಪು, ಎಲ್ಲವೂ ಅದನ್ನೇ ಹೇಳುತ್ತಿತ್ತು, ನಮಗೆ ಕೇಳಿಸಿರಲಿಲ್ಲ. ಎರಡು ಜಾತಿ ಒಂದೇ ಸೂರಿನಡಿ ಮರಿ ಸಾಕುವುದು ಅಪರೂಪ. ಜಾಗ ಸಿಗದೆ ಸೇರಿಕೊಂಡಿದ್ದವೇನೋ.

ನೆಸ್ಟಾಳಿಗೆ ಹೇಳುವ ಕೆಲಸ ನಾನು ಮಾಡುತ್ತೇನೆಂದೆ. ನೀಲಾಂಬಿಕೆ ಒಪ್ಪಲಿಲ್ಲ. ಮೈಕಿನ ಹತ್ತಿರ ಬಾಯಿ ತಂದು, ಸಣ್ಣ ದನಿಯಲ್ಲಿ ಹೇಳಿದಳು: "ನನ್ನ ಕಿವಿ ತಪ್ಪೈತ್ರಿ. ಇಬ್ಬರನ್ನ ನಾ ಒಬ್ರು ಮಾಡಿದ್ದೆ. ನಿಮ್ಮ ದಿನ ಹಾಳಾದ್ವು. ಈಗ ಮೂರು ತುಂಡಿನ ಕೂಗು ಹಾಕ್ರಿ." ನನಗೆ ಅವಳ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಆಮೇಲೆ ಅನುವಾದಕ ಗಂಟಲು ಸರಿಮಾಡಿಕೊಂಡಿತು. "ಮಾನ್ಯರೇ, ಹಾಗಾದರೆ ಆ ಮೂವತ್ತೊಂದು ತಾಯಂದಿರನ್ನು ನಿಮ್ಮ ತಪ್ಪೇ ಕಾಪಾಡಿತು. ಅವು ಇರುವ ವಿಷಯವೇ ನಮಗೆ ತಿಳಿದಿರಲಿಲ್ಲ."

ಕರೆಮನೆಯೊಳಗೆ ನೆಸ್ಟಾ ಅಡ್ಡ ಹಲಗೆ ಹಾಕಿ ಎರಡು ಕೋಣೆ ಮಾಡಿದಳು, ಬೇರೆ ಬೇರೆ ಬಾಗಿಲು. ಮರುದಿನ ಮೂರು ತುಂಡಿನ ಕೂಗು ಹಾಕಿದರು. ನಾವು ಹನ್ನೆರಡು ಹೆಂಗಸರೂ ನಾನೂ, ಚಹಾ ತಂದವನೂ ಸೇರಿ, ಸದ್ದು ಕೇಳುತ್ತ ಕೂತೆವು. ಮೊದಲು ನಾಲ್ಕೈದು ಬಂದು ಸುತ್ತಿದವು. ಆಮೇಲೆ ಹತ್ತಿಪ್ಪತ್ತು. ಆಮೇಲೆ ಎಣಿಸುವುದನ್ನು ಬಿಟ್ಟೆವು. "ಬರುತ್ತಿವೆ, ಬರುತ್ತಿವೆ, ಮಳೆಯಂತೆ ಬರುತ್ತಿವೆ" ಎಂದು ಅನುವಾದಕ ತನ್ನ ಶಿಸ್ತು ಮರೆತು ಕೂಗಿತು. ನೀಲಾಂಬಿಕೆ ತಂಬೂರಿ ಇಲ್ಲದ ಕಿವಿಯಲ್ಲಿ ಎರಡೂ ಗುಂಪುಗಳನ್ನು ಬೇರೆ ಬೇರೆಯಾಗಿ ಕೇಳುತ್ತ ನಗುತ್ತಿದ್ದಳು. ಮುಂದಿನ ನಸುಕುಗಳಲ್ಲಿ ಉಳಿದವೂ ಬಂದವು. ತಾಯಂದಿರು ಒಮ್ಮೆಗೆ ಒಂದು ಮರಿ ಹೊತ್ತು, ಅವಳಿ ಇದ್ದವು ಮತ್ತೆ ಹೋಗಿ ಇನ್ನೊಂದನ್ನು ಹೊತ್ತು ತಂದವು.

ಹುಣ್ಣಿಮೆ ಬಂತು. ನಮಗೆ ಬೆಳಗಿನ ಹತ್ತು ದಾಟಿದಾಗ ಅಲ್ಲಿ ಸೂರ್ಯ ಹುಟ್ಟಿ ಆಗಿತ್ತು. ಉಬ್ಬರ ಏರುತ್ತಿತ್ತು. ಬಾಗಿಲ ಎಂಜಿನಿಯರ್ ಎಂಬ ಗಂಭೀರ ದನಿಯ ಮನುಷ್ಯ ನೆಸ್ಟಾಳ ಜೊತೆ ಸಂಪರ್ಕದಲ್ಲಿದ್ದ. ಗಿರಣಿ ಖಾಲಿ ಎಂದು ನಾವು ಹೇಳಿದ ಕೂಡಲೇ ಅವನು ಬಾಗಿಲೆತ್ತಬೇಕು. ನನ್ನ ಯಂತ್ರ ಗಿರಣಿಯ ಮೈಕು ಕೇಳಿ "ಖಾಲಿ" ಎಂದಿತು.

"ಖಾಲಿ" ಎಂದು ನಾನು ಹೇಳಲು ಬಾಯಿ ತೆರೆದೆ. ನೀಲಾಂಬಿಕೆ ನನ್ನ ಮೊಣಕೈ ಹಿಡಿದಳು.

"ತಡೀರಿ. ಏನೋ ಕೇಳಸಾಕತ್ತೈತಿ."

"ಯಂತ್ರದಾಗ ಏನಿಲ್ಲ ನೀಲಾ."

"ನಿಮ್ಮ ಯಂತ್ರ ದೊಡ್ಡವರ ಸ್ವರ ಅಷ್ಟs ಕೇಳತೈತಿ. ಇದು ಕೆಳಗ ಐತಿ. ಉದ್ದ ಐತಿ. ನಡಗಾಕತ್ತೈತಿ." ಅವಳು ಎರಡೂ ಕೈಯಿಂದ ಕಿವಿಯ ಮೇಲಿನ ಹೆಡ್‌ಫೋನ್ ಒತ್ತಿಕೊಂಡಳು. "ಮರಿ ಐತ್ರಿ. ಒಂದ ಮರಿ. ಅವ್ವನ್ನ ಕರೀಲಿಕ್ಕತ್ತೈತಿ."

ನಾನು ಮೈಕು ಎಳೆದುಕೊಂಡು ತಡೆಯಿರಿ ಎಂದೆ. ಎಂಜಿನಿಯರ್ ನೇರ ವಿಷಯಕ್ಕೆ ಬಂದ. ಅನುವಾದಕದ ದನಿಯಲ್ಲೂ ಅವನ ಅವಸರ ಇಳಿದಿತ್ತು. "ಮಾನ್ಯರೇ, ಕೆಳಬೀದಿಯಲ್ಲಿ ಜನರಿದ್ದಾರೆ. ಅರ್ಧ ಗಂಟೆಯ ಮೇಲೆ ನಾನು ಕಾಯಲಾರೆ. ಆ ಅರ್ಧ ಗಂಟೆಗೂ ನಿಯಮ ಬೇಕು. ಕಡತದಲ್ಲಿ ತಡೆ ಬರೆಯುವುದು ಒಂದು ಜಾತಿಯ ಹೆಸರಿನಲ್ಲೇ. ಯಾವ ಜಾತಿ? ನಲವತ್ತೈದೋ, ಐವತ್ತೈದೋ?"

ಆಫೀಸಿನ ಹನ್ನೊಂದು ಹೆಂಗಸರೂ ನೀಲಾಂಬಿಕೆಯ ಕಡೆ ತಿರುಗಿದರು. ಒಂದು ಅಂಕಿ ಹೇಳಿದರೆ ಮುಗಿಯಿತು, ಯಾವುದಾದರೂ ಸರಿ. ಅವಳು ಕಣ್ಣು ಮುಚ್ಚಿ ಇನ್ನೊಮ್ಮೆ ಕೇಳಿದಳು. ಎಳೆಯ ಮರಿಯ ಸ್ವರ ಇನ್ನೂ ಯಾವ ಕಡೆಗೂ ನಿಂತಿರುವುದಿಲ್ಲ. ಅದರಿಂದ ಜಾತಿ ಹೇಳಲು ಯಾರಿಂದಲೂ ಆಗದು. ಅದು ನನಗೂ ಗೊತ್ತಿತ್ತು. ಸುಳ್ಳಾದರೂ ಹೇಳು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಗೊತ್ತಿಲ್ರಿ" ಎಂದಳು. "ಕೂಸು ಐತಿ."

ಅನುವಾದಕ ಇದನ್ನು ಹೇಗೆ ಹೇಳಿತೋ ನನಗೆ ತಿಳಿಯದು. ಅತ್ತ ಕಡೆ ನೀರಿನ ಸದ್ದು ಏರುತ್ತಿತ್ತು. ಆಮೇಲೆ ಎಂಜಿನಿಯರ್ ಏನೋ ಹೇಳಿದ. ಅನುವಾದಕ ತಡವರಿಸಿತು. "ಮಾನ್ಯರೇ... ಅವರು ಕಾಯುತ್ತಾರಂತೆ."

ಅರ್ಧ ಗಂಟೆ. ಅಲ್ಲಿ ಬೆಳಕು ಬಲಿಯುತ್ತಿತ್ತು. ಬೆಳಕಾದ ಮೇಲೆ ಈ ಬಾವಲಿಗಳು ಹೊರಗೆ ಬರುವುದು ಕಡಿಮೆ, ಹದ್ದು ಡೇಗೆಗಳ ಕಣ್ಣಿಗೆ ಬಿದ್ದರೆ ಉಳಿಯುವುದಿಲ್ಲ. ನೆಸ್ಟಾ ದಿಬ್ಬದ ಮೇಲೆ ಕರೆಮನೆಯ ಪಕ್ಕ ನಿಂತಿದ್ದಳು. ನಾವು ಇಲ್ಲಿ, ಏಳು ಸಮುದ್ರದಾಚೆ, ಒಂದು ಹೆಬ್ಬೆರಳಿನ ಗಾತ್ರದ ಜೀವ ಅಳುವುದನ್ನು ಕೇಳುತ್ತ ಕೂತಿದ್ದೆವು. ನಾನು ಸದ್ದನ್ನು ದೊಡ್ಡ ಸ್ಪೀಕರಿಗೆ ಹಾಕಿದೆ. ಹೊರಗೆ ರಸ್ತೆಯಲ್ಲಿ ಸಿಟಿ ಬಸ್ಸು ಹಾರ್ನು ಹೊಡೆದರೆ ಎಲ್ಲರೂ ಕಿಟಕಿಯ ಕಡೆ ಸಿಟ್ಟಿನಿಂದ ನೋಡಿದರು.

"ಒಂದು ಹೊರಟಿತು" ಎಂದಳು ನೆಸ್ಟಾ ಇದ್ದಕ್ಕಿದ್ದಂತೆ. "ಕರೆಮನೆಯಿಂದ ಒಂದು ಹೊರಟಿತು. ಬಿಸಿಲಿನಲ್ಲಿ."

"ಯಾವ ಬಾಗಿಲಿಂದ?" ಎಂದು ನಾನು ಕೇಳಿದೆ.

"ನೋಡಲಿಲ್ಲ. ಹೊಲದ ಮೇಲೆ ಹಾರುತ್ತಿದೆ. ಗಿರಣಿಯ ಕಡೆಗೇ."

ಮರಿಯ ಅಳುವಿನ ನಡುವೆ ಇನ್ನೊಂದು ಸ್ವರ ಬಂತು, ಮೊದಲು ದೂರದಿಂದ, ಆಮೇಲೆ ಹತ್ತಿರ. ಮರಿಯ ಕೂಗು ಜೋರಾಯಿತು. ತಾಯಿಯ ಕೂಗು ಒತ್ತೊತ್ತಾಗಿ ಬಂತು, ಗೋಡೆಗೆ ತಾಗಿ ಮರಳಿತು. ಆಮೇಲೆ ಎರಡೂ ಒಟ್ಟಿಗೆ ನಿಂತವು. ನೀಲಾಂಬಿಕೆಯ ಉಗುರುಗಳು ನನ್ನ ಮೊಣಕೈಯೊಳಗೆ ಇಳಿದಿದ್ದವು. ಸತ್ತಿತೋ, ಬಿದ್ದಿತೋ, ಏನಾಯಿತೋ.

"ಹೊರಗೆ ಬಂತು" ಎಂದಿತು ಅನುವಾದಕ. "ಭಾರವಾಗಿ ಹಾರುತ್ತಿದೆ. ಎದೆಯ ಮೇಲೆ ಏನೋ ಇದೆ. ಮಾನ್ಯರೇ, ಇದೆ. ಇದೆ."

ಹೆಂಗಸರೆಲ್ಲ ಒಟ್ಟಿಗೆ ಎದ್ದರು, ಒಬ್ಬರನ್ನೊಬ್ಬರು ತಬ್ಬಿದರು, ಚಹಾದ ಲೋಟಗಳು ಉರುಳಿದವು. ದೂರದಲ್ಲಿ ಕಬ್ಬಿಣದ ಬಾಗಿಲು ಕಿರುಗುಟ್ಟಿ ಏಳುವ ಸದ್ದೂ, ಹಿಂದೆಯೇ ನೀರು ನುಗ್ಗುವ ಸದ್ದೂ ಕೇಳಿತು. ನೀಲಾಂಬಿಕೆ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕೂತೇ ಇದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

ಗಲಾಟೆ ತುಸು ಇಳಿದ ಮೇಲೆ ನಾನು ಬಾಗಿ ಕೇಳಿದೆ. ವೃತ್ತಿಯ ಚಾಳಿ, ಬಿಡುವುದಿಲ್ಲ. "ಅವ್ವ ಯಾವ್ದಿತ್ತು? ಸಾನೋ ಗನೋ?"

ಅವಳು ನನ್ನನ್ನು ನೋಡಿದಳು, ಏನು ಕೇಳುತ್ತಿದ್ದಾನೆ ಇವನು ಎಂಬಂತೆ. ಆಮೇಲೆ ನೆನಪಾಗಿ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯ, ಅದನ್ನ ಕೇಳೂದs ಮರತೆ ನೋಡ್ರಿ."

ಪರದೆಯ ಮೇಲೆ ಚುಕ್ಕೆ ಬಿದ್ದಿರಬೇಕು. ನಾನೂ ಆ ಕಡೆ ನೋಡಿರಲಿಲ್ಲ, ಅವಳ ಮುಖವನ್ನೇ ನೋಡುತ್ತಿದ್ದೆ.